ಹೊಗೆಗೂಡು

ಮರ ಕಡಿಯಬಹುದು, ಮೀನು ಒಣಗಿಸಬಹುದು,
ಅಟ್ಟಣೆ ಹಾಕಿ ಉಪ್ಪು ಸುರಿಯಬಹುದು.
ಹೊಗೆಗೂಡು ಮಾತ್ರ ಕಟ್ಟಕೂಡದು.
ನ್ಯೂಫೌಂಡ್‌ಲ್ಯಾಂಡಿನ ಆ ಕೊಲ್ಲಿಯಲ್ಲಿ
ಹಡಗಿನೊಡೆಯರ ಕಟ್ಟಪ್ಪಣೆ ಅದು:
ಬೇಸಿಗೆಗೆ ಬನ್ನಿ, ದುಡಿಯಿರಿ, ಸೆಪ್ಟೆಂಬರಿಗೆ ಹೊರಡಿ.
ಒಲೆ ಹೂಡಿದವನು ಊರು ಹೂಡುತ್ತಾನೆ,
ಊರು ಹೂಡಿದವನು ಮೀನಿಗೆ ಬೆಲೆ ಕೇಳುತ್ತಾನೆ.

ವಿಲ್ಮಟ್ ಡೆವನ್ನಿನವಳು,
ಕಾಡ್ ಮೀನಿನ ತಲೆ ತೆಗೆಯಲು ಬಂದವಳು.
ಹದಿನೆಂಟು ವಾರ ಎಡಗೈಯ ಹೆಬ್ಬೆರಳು
ಮೀನಿನ ಕಣ್ಣುಗುಳಿಯಲ್ಲೇ ಊರಿ ಊರಿ
ರಾತ್ರಿ ಗಂಡನ ಭುಜ ಹಿಡಿದರೂ ಅದೇ ಹಿಡಿತ.
ಗಂಡ ಡಿಗರಿ, ಪೀಪಾಯಿ ಮಾಡುವವನು,
ಪೀಪಾಯಿಗೆ ಬಿಗಿಯುವ ಪಟ್ಟಿಯನ್ನೇ
ಬಾಯಿಗೂ ಬಿಗಿದುಕೊಂಡವನು.

ಕೊನೆಯ ಹಡಗು ಹೊರಟ ಬೆಳಿಗ್ಗೆ
ಅವಳು ಗುಡ್ಡದಲ್ಲಿ ಹಣ್ಣು ಆಯುತ್ತಿದ್ದಳು. ಹಾಗೆನ್ನುತ್ತಾರೆ.
ಕೂಗಿದರು, ಗಂಟೆ ಬಾರಿಸಿದರು.
ಇಳಿತ ಕಾಯುವುದಿಲ್ಲ, ಹೊರಟರು.
ಬಂಡೆಯ ಹಿಂದೆ ಕೂತು
ಹಾಯಿ ಉಗುರಿನಷ್ಟಾಗುವ ತನಕ ತಿಂದಳಂತೆ,
ನಾಲಿಗೆ ನೀಲಿ.
ಡೆವನ್ನಿನಲ್ಲಿ ಅವಳಿಗಿದ್ದದ್ದು
ಬೇರೆಯವರ ಅಡುಗೆಮನೆಗಳು.

ಡಿಗರಿ ಹಡಗಿನಿಂದ ಹಾರಿದನೋ, ಮೊದಲೇ ಇಳಿದಿದ್ದನೋ,
ಕತೆ ಎರಡು ಥರ.
ಒದ್ದೆಯಾಗಿದ್ದ ಎಂಬುದರಲ್ಲಿ ಎಲ್ಲರದೂ ಒಂದೇ ಮಾತು.

ಗಾಳಿಗೆ ಬೆನ್ನು ಕೊಟ್ಟ ಒಂದು ಜಾಗ ಸಿಕ್ಕಿತು,
ಯಾರೋ ಸಮ ಮಾಡಿಟ್ಟಂತಿದ್ದ ನೆಲ.
ಹಡಗಿನ ತೂಕಕ್ಕೆಂದು ತಂದು
ದಂಡೆಯಲ್ಲಿ ಸುರಿದುಹೋದ ಡೆವನ್ನಿನ ಕಲ್ಲು,
ಪಾಚಿ, ಜೇಡಿ, ಮೀನೆಣ್ಣೆ.
ಅವಳು ಕಲ್ಲು ಕೊಟ್ಟಳು, ಅವನು ಏರಿಸಿದ.
ಗೂಡು ಮೇಲೆದ್ದಿತು, ತುಸು ವಾಲಿಕೊಂಡು.

ಆಮೇಲೆ ಚಳಿಗಾಲ.
ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ, ಸರಿ.
ಅಲ್ಲಿ ಇಟ್ಟವರು ಯಾರೂ ಇರಲಿಲ್ಲ,
ಉಪ್ಪು ಮಾತ್ರ ಇತ್ತು.
ಅಟ್ಟಣೆಯ ಕಂಬಗಳನ್ನು ಒಂದೊಂದಾಗಿ ಉರಿಸಿದರು,
ಒಡೆಯರ ಬೇಸಿಗೆಯನ್ನು ಉರಿಸಿದ ಹಾಗೆ.

ಮೇ ತಿಂಗಳಲ್ಲಿ ಕಪ್ತಾನನ ದಿನಚರಿ:
ಹೊಗೆಗೂಡು, ಒಂದು. ಕೆಡವಿಸಿದೆ.
ಮರುವರ್ಷ:
ಒಂದು. ಕೆಡವಿಸಿದೆ. ಹೆಂಗಸು ಪಕ್ಕದಲ್ಲಿ ನಿಂತು ಕಲ್ಲು ಎಣಿಸುತ್ತಿದ್ದಳು.
ಅದರ ಮರುವರ್ಷ:
ಮೂರು. ಕೆಡವಲು ಕಳಿಸಿದ ಆಳುಗಳು ಒಳಗೆ ಕೂತು
ಕೈ ಕಾಯಿಸಿಕೊಳ್ಳುತ್ತಿದ್ದಾರೆ.
ನಾಲ್ಕನೆಯ ವರ್ಷದ ಪುಟ ಒದ್ದೆಯಾಗಿ ಅಂಟಿದೆ.
ಐದನೆಯದು, ಕೈಬರಹ ಅವನದೇ:
ಹನ್ನೊಂದು. ಬ್ರೆಡ್ಡು ಚೆನ್ನಾಗಿತ್ತು.

ಕಾಲೂರು, ಕೋಲೂರು, ಮೊಣಕೈಯೂರು.
ನನ್ನ ನುಡಿಗೆ ಮೊದಲೇ ಗೊತ್ತಿತ್ತು
ಊರು ಎಂಬುದು ಹೆಸರಿಗಿಂತ ಮುಂಚೆ ಕೆಲಸವೆಂದು,
ಭಾರವನ್ನೆಲ್ಲ ಒಂದು ಕಡೆ ಇಳಿಸಿ
ಏಳದಿರುವುದೆಂದು.
ಪದ್ಯವನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು.

ಆದರೆ ಮೊಮ್ಮಗ ಜಾಕೊಬ್ ಒಲೆ ದೊಡ್ಡದು ಮಾಡಲೆಂದು
ಹಾಸುಗಲ್ಲು ಎಬ್ಬಿಸಿದ.
ಕೆಳಗೆ ಇನ್ನೊಂದು ಸುತ್ತು ಕಲ್ಲು, ಮಸಿ ಹಿಡಿದದ್ದು.
ಡೆವನ್ನಿನದಲ್ಲ.
ಸೀಲ್ ಮೂಳೆಯ ಸೂಜಿಯೊಂದು. ಹಿಡಿ ಕೆಮ್ಮಣ್ಣು.
ಬೇಸಿಗೆಗೆ ಕಡಲಿಗಿಳಿದು,
ಎಲೆ ಉದುರುವಾಗ ಒಳನಾಡಿಗೆ ಹೋಗಿ,
ಮತ್ತೆ ಬರುವೆವೆಂದು ಒಲೆಯನ್ನು ಹಾಗೇ ಬಿಟ್ಟು ಹೋದ
ಬಿಯೊಥುಕ್ ಜನ.
ಬಂದಿರಬೇಕು. ದಿಬ್ಬದ ಮೇಲಿಂದ
ನೇರ ಮೇಲೇಳುವ ಹೊಗೆ ಕಂಡಿರಬೇಕು.
ಅವರ ದಿನಚರಿ ಇಲ್ಲ.

ಜಾಕೊಬನ ಕೈ ಮೂರು ದಿನ ತೊಳೆದರೂ ಕೆಂಪು.
ಕಣ್ಣು ಮಂಜಾಗಿ ಕುರ್ಚಿಯಲ್ಲಿ ಕೂತಿದ್ದ ವಿಲ್ಮಟ್
ಯಾರೂ ಏನೂ ಕೇಳದಿದ್ದರೂ ಹೇಳಿದಳು:
"ಆವತ್ತು ಬೂದಿ ಇನ್ನೂ ಬೆಚ್ಚಗಿತ್ತು."

ಡಿಗರಿಗೂ ಹೇಳಿರಲಿಲ್ಲವಂತೆ.
ಹೊರಗೆ ಕಡಲಗಾಳಿ.
ಮೂವತ್ತಾರು ಗೂಡುಗಳ ಹೊಗೆ
ಬಾಗಿಕೊಂಡು, ಸಾಲಾಗಿ,
ಒಳನಾಡಿನ ಕಡೆ ಹೋಗುತ್ತಿತ್ತು.